ಗಂಟಲಮಾರಿಯ ವಿಷ ಎದೆಗೆ ಇಳಿಯುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿಯಲ್ಲಿ ಮಕ್ಕಳ ವಾರ್ಡಿನಲ್ಲಿ ಹಲವು ವರ್ಷ ಸಿಸ್ಟರ್ ಆಗಿದ್ದವಳು ನಾನು. ಗಂಟಲಮಾರಿ ಬಂದ ಮಗುವಿನ ಎದೆಗೆ ಇಸಿಜಿ ವೈರ್ ಹಚ್ಚುವಾಗೆಲ್ಲ ಒಂದು ಪ್ರಶ್ನೆ ಬಂದೇ ಬರುತ್ತಿತ್ತು. "ಗಂಟಲಾಗಿನ ಬ್ಯಾನಿಗೆ ಎದಿಗ್ಯಾಕ್ರೀ ವೈರ್ ಹಚ್ಚತೀರಿ?" ಅವಸರದಲ್ಲಿ "ಡಾಕ್ಟರ್ ಹೇಳ್ಯಾರ್ರೀ" ಅಂತ ಅಂದು ಮುಂದಿನ ಮಂಚಕ್ಕೆ ಹೋಗುತ್ತಿದ್ದೆ. ಆ ಪ್ರಶ್ನೆಗೆ ಸರಿಯಾಗಿ ಉತ್ತರ ಹೇಳಲು ಅರ್ಧ ತಾಸಾದರೂ ಬೇಕು. ಆಗ ಅಷ್ಟು ಪುರುಸೊತ್ತು ಇರಲಿಲ್ಲ. ಈಗ ಇದೆ.

ನಿಮ್ಮ ಮನೆಯ ಮಗುವಿಗೆ ಈಗಲೇ ಗಂಟಲು ನೋವು ಇದೆ, ಕುತ್ತಿಗೆ ಬಾತಿದೆ, ಉಸಿರು ಎಳೆಯುವಾಗ ಸದ್ದು ಬರುತ್ತಿದೆ ಅಂದರೆ ಇದನ್ನು ಓದುತ್ತ ಕೂರಬೇಡಿ. 108ಕ್ಕೆ ಫೋನ್ ಮಾಡಿ, ದೊಡ್ಡ ಆಸ್ಪತ್ರೆಗೆ ಹೊರಡಿ.

ಗಂಟಲಮಾರಿ, ಡಿಫ್ತೀರಿಯಾ ಎರಡೂ ಒಂದೇನಾ?

ಒಂದೇ. ಇದು ಬ್ಯಾಕ್ಟೀರಿಯಾದಿಂದ ಬರುವ ರೋಗ. ಕೆಮ್ಮಿದಾಗ, ಸೀನಿದಾಗ ಹಾರುವ ಹನಿಯಿಂದ ಒಬ್ಬರಿಂದ ಒಬ್ಬರಿಗೆ ಹರಡುತ್ತದೆ. ಒಳಹೊಕ್ಕ ಮೇಲೆ ಸಾಮಾನ್ಯವಾಗಿ 2ರಿಂದ 5 ದಿನದಲ್ಲಿ ಕಾಣಿಸಿಕೊಳ್ಳುತ್ತದೆ. ಗಂಟಲಲ್ಲಿ, ಟಾನ್ಸಿಲ್ ಮೇಲೆ ಬೂದು ಬಣ್ಣದ ದಪ್ಪ ಪೊರೆ ಕಟ್ಟುವುದು ಇದರ ಗುರುತು. ಡಿಫ್ತೀರಿಯಾ ಅನ್ನುವ ಹೆಸರು ಬಂದದ್ದೂ ಆ ಪೊರೆಯಿಂದಲೇ. ಗ್ರೀಕ್ ಭಾಷೆಯಲ್ಲಿ ಡಿಫ್ತೆರಾ ಅಂದರೆ ಚರ್ಮ, ತೊಗಲು. 19ನೇ ಶತಮಾನದಲ್ಲಿ ಫ್ರಾನ್ಸಿನ ಬ್ರೆಟೊನೊ ಎಂಬ ವೈದ್ಯ ಈ ಹೆಸರು ಕೊಟ್ಟ. ನಮ್ಮ ಹಿರಿಯರು 'ಮಾರಿ' ಅಂದರು. ತೊಗಲಿಗಿಂತ ಮಾರಿ ಅನ್ನುವುದೇ ಸರಿ ಅಂತ ನನಗೆ ಅನಿಸುತ್ತದೆ.

ಮಾಮೂಲಿ ಗಂಟಲು ನೋವಿಗೂ ಇದಕ್ಕೂ ಏನು ಫರಕು?

ಮೊದಲ ದಿನ ಫರಕು ತಿಳಿಯುವುದು ಕಷ್ಟ. ಜ್ವರ ಅಂಥ ಜೋರಾಗಿ ಇರುವುದಿಲ್ಲ. ತಾಯಂದಿರು ಮೋಸ ಹೋಗುವುದು ಇಲ್ಲೇ. "ಮೈ ಬರೇ ಬೆಚ್ಚಗೈತಿ, ನಾಳಿಗಿ ಆರಾಮಾಗ್ತದ" ಅಂದುಕೊಳ್ಳುತ್ತಾರೆ. ಜ್ವರ ಕಡಿಮೆ, ಆದರೆ ಮಗು ಮಾತ್ರ ತೀರಾ ಸುಸ್ತು. ಬಾಯಿಂದ ಕೆಟ್ಟ ವಾಸನೆ. ನುಂಗಲು ಕಷ್ಟ. ಟಾರ್ಚ್ ಬಿಟ್ಟು ನೋಡಿದರೆ ಟಾನ್ಸಿಲ್ ಮೇಲೆ ಬಿಳಿ ಇಲ್ಲವೆ ಬೂದು ಪೊರೆ. ಎರಡು-ಮೂರು ದಿನಕ್ಕೆ ಅದು ಕಿರುನಾಲಿಗೆಯವರೆಗೆ ಹಬ್ಬುತ್ತದೆ.

ಕೆಲವರಿಗೆ ದವಡೆಯಿಂದ ಕುತ್ತಿಗೆಯವರೆಗೆ ಬಾವು ಬಂದು ಕುತ್ತಿಗೆ ಎತ್ತಿನ ಕುತ್ತಿಗೆಯಂತೆ ದಪ್ಪವಾಗುತ್ತದೆ. ಇದನ್ನು ಮಂಗನಬಾವು ಅಂತ ತಿಳಿದು ಮನೆಯಲ್ಲೇ ಲೇಪ ಹಚ್ಚಿ ಕೂತವರನ್ನು ನೋಡಿದ್ದೇನೆ. ಮಂಗನಬಾವಿನಲ್ಲಿ ಗಂಟಲೊಳಗೆ ಪೊರೆ ಇರುವುದಿಲ್ಲ. ಹಾಗಾಗಿ ಕುತ್ತಿಗೆ ಬಾತ ಮಗುವಿನ ಬಾಯಿ ತೆರೆಸಿ ಒಳಗೆ ಒಮ್ಮೆ ನೋಡಲೇಬೇಕು.

ರೋಗ ಗಂಟಲಲ್ಲಿದೆ. ಹೃದಯ ಯಾಕೆ ಕೆಡುತ್ತದೆ?

ರೋಗಾಣು ಗಂಟಲು ಬಿಟ್ಟು ಹೆಚ್ಚಾಗಿ ಎಲ್ಲಿಗೂ ಹೋಗುವುದಿಲ್ಲ. ಅಲ್ಲೇ ಕೂತು ವಿಷ ತಯಾರಿಸುತ್ತದೆ. ಆ ವಿಷ ರಕ್ತಕ್ಕೆ ಸೇರಿ ಊರೆಲ್ಲ ಸುತ್ತುತ್ತದೆ.

ಇದನ್ನು ಮೊದಲು ಗುಮಾನಿ ಪಟ್ಟವನು ಜರ್ಮನಿಯ ಲೊಫ್ಲರ್. 1884ರಲ್ಲಿ ಅವನು ಈ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿ ಬೆಳೆಸಿದ. ಗಂಟಲಲ್ಲಿ ರೋಗಾಣು ತುಂಬಿದೆ, ಆದರೆ ದೂರದ ಅಂಗಗಳಲ್ಲಿ ಅದು ಕಾಣುವುದಿಲ್ಲ. ಅಂಗಗಳು ಮಾತ್ರ ಕೆಟ್ಟಿವೆ. ಹಾಗಾದರೆ ಗಂಟಲಿಂದ ಏನೋ ಹೊರಟು ಅಲ್ಲಿಗೆ ಮುಟ್ಟುತ್ತಿರಬೇಕು ಅಂತ ಅವನ ಲೆಕ್ಕ. 1888ರಲ್ಲಿ ಪ್ಯಾರಿಸ್ಸಿನ ರೂ ಮತ್ತು ಯೆರ್ಸಿನ್ ಅದನ್ನು ತೋರಿಸಿಯೇ ಬಿಟ್ಟರು. ರೋಗಾಣು ಬೆಳೆಸಿದ ರಸವನ್ನು ಒಂದೂ ಬ್ಯಾಕ್ಟೀರಿಯಾ ಉಳಿಯದಂತೆ ಸೋಸಿದರು. ಆ ಸೋಸಿದ ರಸವನ್ನು ಪ್ರಾಣಿಗಳಿಗೆ ಚುಚ್ಚಿದರು. ರೋಗಾಣು ಇಲ್ಲದೆಯೇ ಪ್ರಾಣಿಗಳು ಸತ್ತವು.

ಇನ್ನೊಂದು ವಿಚಿತ್ರ ಕೇಳಿ. ಈ ಬ್ಯಾಕ್ಟೀರಿಯಾಕ್ಕೆ ವಿಷ ತಯಾರಿಸುವ ವಿದ್ಯೆ ಹುಟ್ಟಿನಿಂದ ಬಂದದ್ದಲ್ಲ. ಬ್ಯಾಕ್ಟೀರಿಯಾಕ್ಕೇ ತಗಲುವ ಒಂದು ವೈರಸ್ ಇದೆ. ವಿಷದ ಜೀನ್ ಇರುವುದು ಆ ವೈರಸ್ಸಿನಲ್ಲಿ. ಅದು ಒಳಗೆ ಸೇರಿಕೊಂಡ ಬ್ಯಾಕ್ಟೀರಿಯಾ ಮಾತ್ರ ವಿಷ ಕಾರುತ್ತದೆ. 1951ರಲ್ಲಿ ಇದು ಗೊತ್ತಾಯಿತು. ಲ್ಯಾಬಿನವರು ಗಂಟಲ ಸ್ವಾಬ್‌ನಲ್ಲಿ ರೋಗಾಣು ಸಿಕ್ಕ ಮೇಲೂ "ವಿಷ ಮಾಡುವ ಜಾತಿಯೋ ಅಲ್ಲವೋ" ಅಂತ ಇನ್ನೊಂದು ಪರೀಕ್ಷೆ ಮಾಡುವುದು ಇದಕ್ಕೇ.

ಆ ವಿಷ ದೇಹದೊಳಗೆ ಏನು ಮಾಡುತ್ತದೆ? ಸರಳವಾಗಿ ಹೇಳಿ.

ಒಂದು ಖಾನಾವಳಿ ಅಂದುಕೊಳ್ಳಿ. ಜೋಳದ ಹಿಟ್ಟಿದೆ, ಬಿಸಿನೀರಿದೆ, ಒಲೆ ಉರಿಯುತ್ತಿದೆ, ಹಂಚು ಕಾದಿದೆ. ರೊಟ್ಟಿ ಬಡಿಯುವ ಅಕ್ಕನ ಕೈಗೆ ಯಾರೋ ಬೇಡಿ ಹಾಕಿದರು. ಮುಗೀತು. ಎಲ್ಲ ಇದ್ದೂ ಒಂದು ರೊಟ್ಟಿ ಏಳುವುದಿಲ್ಲ.

ನಮ್ಮ ದೇಹದ ಪ್ರತಿ ಜೀವಕೋಶವೂ ಇಂಥ ಖಾನಾವಳಿ. ಅಲ್ಲಿ ಹಗಲೂ ರಾತ್ರಿ ತಯಾರಾಗುವುದು ಪ್ರೋಟೀನ್. ಆ ಕೆಲಸದಲ್ಲಿ ಒಂದೊಂದೇ ಹೆಜ್ಜೆ ಮುಂದಕ್ಕೆ ತಳ್ಳುವ ಒಂದು ಸಹಾಯಕ ಪ್ರೋಟೀನ್ ಇದೆ. ಹೆಸರು ಇಎಫ್-2. ಗಂಟಲಮಾರಿಯ ವಿಷ ಹುಡುಕಿಕೊಂಡು ಹೋಗಿ ಬೇಡಿ ಹಾಕುವುದು ಇದರ ಕೈಗೇ. ಪ್ರೋಟೀನ್ ತಯಾರಿ ನಿಂತಿತೆಂದರೆ ಜೀವಕೋಶ ಸಾಯುತ್ತದೆ.

ವಿಷದಲ್ಲಿ ಎರಡು ತುಂಡುಗಳಿವೆ. ಬಿ ತುಂಡು ಜೀವಕೋಶದ ಹೊರಗೋಡೆಯ ಕೊಂಡಿ ಹಿಡಿದು ಎ ತುಂಡನ್ನು ಒಳಗೆ ದಾಟಿಸುತ್ತದೆ. ಬೇಡಿ ಹಾಕುವುದು ಎ ತುಂಡು. ಅದು ಒಂದು ಕೈಗೆ ಬೇಡಿ ಹಾಕಿ ಸುಮ್ನೆ ಕೂರುವುದಿಲ್ಲ. ಮುಂದಿನದಕ್ಕೆ ಹೋಗುತ್ತದೆ, ಆಮೇಲೆ ಅದರ ಮುಂದಿನದಕ್ಕೆ. ತಾನು ಮಾತ್ರ ಸವೆಯುವುದಿಲ್ಲ. ಒಂದು ಜೀವಕೋಶ ಸಾಯಲು ಎ ತುಂಡಿನ ಒಂದೇ ಒಂದು ಅಣು ಸಾಕು ಅಂತ 1978ರಲ್ಲಿ ಜಪಾನಿನ ವಿಜ್ಞಾನಿಗಳು ತೋರಿಸಿದರು. ಮನುಷ್ಯನ ಜೀವ ತೆಗೆಯಲು ದೇಹತೂಕದ ಪ್ರತಿ ಕೆಜಿಗೆ ಸುಮಾರು 0.1 ಮೈಕ್ರೊಗ್ರಾಮ್ ಸಾಕು. 10 ಕೆಜಿ ಕೂಸಿಗೆ 1 ಮೈಕ್ರೊಗ್ರಾಮ್, ಅಂದರೆ ಒಂದು ಗ್ರಾಮಿನ ಹತ್ತು ಲಕ್ಷದಲ್ಲಿ ಒಂದು ಪಾಲು.

ಇಲಿಗೆ ಈ ವಿಷ ಅಷ್ಟಾಗಿ ತಾಗುವುದಿಲ್ಲ. ಅದರ ಜೀವಕೋಶದ ಕೊಂಡಿ ಬೇರೆ ಥರ ಇದೆ, ಬಿ ತುಂಡಿನ ಹಿಡಿತಕ್ಕೆ ಸಿಗುವುದಿಲ್ಲ. ನಮ್ಮದು ಚೆನ್ನಾಗಿ ಸಿಗುತ್ತದೆ.

ಹಾಗಾದರೆ ಎಲ್ಲ ಅಂಗವೂ ಒಂದೇ ಥರ ಕೆಡಬೇಕಲ್ವಾ? ಹೃದಯಕ್ಕೇ ಯಾಕೆ ಜಾಸ್ತಿ?

ಎಲ್ಲದಕ್ಕೂ ತಾಗುತ್ತದೆ. ಮೂತ್ರಪಿಂಡಕ್ಕೂ ಪೆಟ್ಟು ಬೀಳಬಹುದು. ಆದರೆ ಹೃದಯ ಮತ್ತು ನರಗಳಿಗೆ ಬೀಳುವ ಪೆಟ್ಟೇ ಕಣ್ಣಿಗೆ ಕಾಣುವುದು. ಹೃದಯದ ಸ್ನಾಯುವಿನಲ್ಲಿ ವಿಷ ಹಿಡಿಯುವ ಆ ಕೊಂಡಿಗಳು ಹೇರಳವಾಗಿವೆ. ಚರ್ಮ ಗಾಯವಾದರೆ ಹೊಸ ಜೀವಕೋಶ ಹುಟ್ಟಿ ಮುಚ್ಚಿಕೊಳ್ಳುತ್ತದೆ. ಹೃದಯದ ಸ್ನಾಯುವಿಗೆ ಆ ಶಕ್ತಿ ತೀರಾ ಕಡಿಮೆ. ಮೇಲಾಗಿ ಹೃದಯಕ್ಕೆ ರಜೆ ಇಲ್ಲ. ಕಾಲಿನ ಸ್ನಾಯು ಸುಸ್ತಾದರೆ ಕಾಲು ಚಾಚಿ ಕೂರಬಹುದು.

ಹೃದಯದಲ್ಲಿ ವಿಷ ಎರಡು ಕಡೆ ಕೈ ಹಾಕುತ್ತದೆ. ಒಂದು, ಪಂಪಿನ ಸ್ನಾಯು. ಅದು ಬಾತು, ಸಡಿಲಾಗಿ, ರಕ್ತ ತಳ್ಳುವ ಬಲ ಇಳಿಯುತ್ತದೆ. ವೈದ್ಯರು ಇದಕ್ಕೆ ಮಯೋಕಾರ್ಡೈಟಿಸ್ ಅನ್ನುತ್ತಾರೆ. ಎರಡು, ಹೃದಯದೊಳಗಿನ ಕರೆಂಟಿನ ದಾರಿ. ಮೇಲಿನ ಕೋಣೆಯಿಂದ ಕೆಳಗಿನ ಕೋಣೆಗೆ 'ಈಗ ಬಡಿ' ಅಂತ ಸುದ್ದಿ ಒಯ್ಯುವ ಎಳೆಗಳು ಹಾಳಾಗುತ್ತವೆ. ಸುದ್ದಿ ತಡವಾಗಿ ಹೋಗುತ್ತದೆ, ಇಲ್ಲವೆ ಹೋಗುವುದೇ ಇಲ್ಲ. ಇದು ಹಾರ್ಟ್ ಬ್ಲಾಕ್. ವಯಸ್ಸಾದವರಿಗೆ ರಕ್ತನಾಳದಲ್ಲಿ ಕೊಬ್ಬು ಕಟ್ಟಿ ಆಗುತ್ತದಲ್ಲ, ಆ 'ಬ್ಲಾಕೇಜ್' ಬೇರೆ. ಇಲ್ಲಿ ನಾಳ ಸರಿಯಾಗಿದೆ, ವೈರಿಂಗ್ ಕೆಟ್ಟಿದೆ.

ಪೊರೆ ಹೋಯಿತು, ಮಗು ಊಟ ಕೇಳುತ್ತಿದೆ. ಇನ್ನೂ ಯಾಕೆ ಇಟ್ಟುಕೊಂಡಿದ್ದೀರಿ? ಮನೆಗೆ ಬಿಡಬಹುದಲ್ವಾ?

ಈ ಪ್ರಶ್ನೆಗೇ ನಾನು ಇಷ್ಟೆಲ್ಲ ಬರೆಯಲು ಕೂತದ್ದು.

ಗಂಟಲಮಾರಿ ಎರಡು ಸಲ ಬರುವ ರೋಗ ಅಂತ ತಿಳಿಯಿರಿ. ಮೊದಲ ವಾರ ಗಂಟಲಲ್ಲಿ. ಅದು ಎಲ್ಲರಿಗೂ ಕಾಣುತ್ತದೆ, ಕೇಳುತ್ತದೆ, ವಾಸನೆಯೂ ಬರುತ್ತದೆ. ಎರಡನೇ ಸಲ ಎದೆಯಲ್ಲಿ. ಅದು ಸಾಮಾನ್ಯವಾಗಿ ಒಂದರಿಂದ ಎರಡು ವಾರದ ನಂತರ ಶುರುವಾಗುತ್ತದೆ. ಕೆಲವರಲ್ಲಿ ಮೊದಲ ವಾರದೊಳಗೇ, ಕೆಲವರಲ್ಲಿ ಆರು ವಾರದವರೆಗೂ. ಮಜಾ ಅಂದರೆ, ಅಲ್ಲ, ಇದಕ್ಕೆ ಮಜಾ ಅನ್ನಬಾರದು. ಗಂಟಲು ಹಗುರಾಗಿ ಮಗು ಎದ್ದು ಕೂತು ನಗುವ ಹೊತ್ತಿಗೇ ಹೃದಯದ ಕಾಟ ಶುರುವಾಗುತ್ತದೆ.

ಯಾಕೆ ಇಷ್ಟು ತಡ? ಖಾನಾವಳಿಯ ಲೆಕ್ಕಕ್ಕೇ ಬನ್ನಿ. ರೊಟ್ಟಿ ಬಡಿಯುವುದು ನಿಂತ ದಿನವೇ ಯಾರೂ ಉಪವಾಸ ಬೀಳುವುದಿಲ್ಲ. ಬುಟ್ಟಿಯಲ್ಲಿ ಬಡಿದಿಟ್ಟ ಕಟಕ ರೊಟ್ಟಿ ಇರುತ್ತದೆ. ಅದು ತೀರಿದ ಮೇಲೆ ಗೊತ್ತಾಗುತ್ತದೆ. ಹೃದಯದ ಜೀವಕೋಶದಲ್ಲೂ ಮೊದಲೇ ತಯಾರಾದ ಪ್ರೋಟೀನ್ ಕೆಲವು ದಿನ ಕೆಲಸ ನಡೆಸುತ್ತದೆ. ಅದು ಸವೆದಾಗ ಹೊಸದು ಬರುವುದಿಲ್ಲ.

ತೊಗರಿ ರಾಶಿಯ ಕಾಲ. ಯಾದಗಿರಿ ಕಡೆಯ ಒಂದು ಹಳ್ಳಿಯ ಹುಡುಗಿ, ಏಳು ವರ್ಷ ಇರಬೇಕು. ಪೊರೆ ಬಿಟ್ಟಿತ್ತು. ಹಿಂದಿನ ಸಂಜೆ ಸೂಸಲಾ ಬೇಕು, ಮಿರ್ಚಿ ಬೇಕು ಅಂತ ಅಪ್ಪನ ಹತ್ತಿರ ಹಟ ಮಾಡಿದ್ದಳು. ಹೊಲದಲ್ಲಿ ಕೆಲಸ ಬಾಕಿ, ಅಪ್ಪ ಹೊರಡುವ ಅವಸರದಲ್ಲಿದ್ದ. ರಾತ್ರಿ ಪಾಳಿಯಲ್ಲಿ ನಾನು ನಾಡಿ ಹಿಡಿದೆ. ನಿಧಾನ ಇತ್ತು. 'ಪಾಪ, ಇವತ್ತು ಗಾಢ ನಿದ್ದೆ' ಅಂದುಕೊಂಡು ಬರೆದಿಟ್ಟು ಮುಂದೆ ಹೋದೆ. ಅದು ನಿದ್ದೆಯ ನಾಡಿ ಆಗಿರಲಿಲ್ಲ. ಒಂದು ತಾಸಿನ ಮೇಲೆ ಅವಳವ್ವ ಬಂದು "ಸಿಸ್ಟರ್, ಕೂಸು ಎರಡು ಸಲ ವಾಂತಿ ಮಾಡ್ತು, ಮೈ ತಣ್ಣಗಾಗೇದ" ಅಂದಳು. ಇಸಿಜಿ ತೆಗೆದರೆ ಮೇಲಿನ ಕೋಣೆ ತನ್ನ ಪಾಡಿಗೆ, ಕೆಳಗಿನದು ತನ್ನ ಪಾಡಿಗೆ ಬಡಿಯುತ್ತಿದ್ದವು. ಅವಸರದಲ್ಲಿ ಹೃದಯದ ಆಸ್ಪತ್ರೆಗೆ ಸಾಗಿಸಿ ಹೃದಯ ಹದವಾಗಿ ಬಡಿಯುವಂತೆ ಕರೆಂಟ್ ಕೊಡುವ ತಾತ್ಕಾಲಿಕ ಪೇಸ್‌ಮೇಕರ್ ಹಾಕಿಸಿದರು. ಹುಡುಗಿ ಉಳಿದಳು. ನಾಡಿ ನಿಧಾನ ಇದ್ದರೆ ಮಗುವನ್ನು ಎಬ್ಬಿಸಿ ಮಾತಾಡಿಸುವುದನ್ನು ನಾನು ಆವತ್ತಿನಿಂದ ಕಲಿತೆ. ಅಪ್ಪ ಆವತ್ತು ಸಂಜೆಯೇ ಕರೆದುಕೊಂಡು ಹೋಗಿದ್ದರೆ? ಬಸ್ಸಿನಲ್ಲೇ ಆಗುತ್ತಿತ್ತು.

ಹತ್ತರಲ್ಲಿ ಒಬ್ಬರಿಂದ ಹಿಡಿದು ನಾಲ್ಕರಲ್ಲಿ ಒಬ್ಬರವರೆಗೆ ಹೃದಯದ ತೊಂದರೆ ಕಾಣಿಸಿಕೊಳ್ಳುತ್ತದೆ. ಇಸಿಜಿಯಲ್ಲಿ ಸಣ್ಣಪುಟ್ಟ ಬದಲಾವಣೆ ಕಾಣುವವರು ಇನ್ನೂ ಜಾಸ್ತಿ. ಪೊರೆ ತುಂಬ ಹಬ್ಬಿದವರಿಗೆ, ಕುತ್ತಿಗೆ ಬಾತವರಿಗೆ, ಮದ್ದು ತಡವಾಗಿ ಸಿಕ್ಕವರಿಗೆ ಅಪಾಯ ಹೆಚ್ಚು.

ಹೃದಯಕ್ಕೆ ತಾಗಿದೆ ಅಂತ ನಮಗೆ ಹೇಗೆ ಗೊತ್ತಾಗಬೇಕು? ಮಗು ಎದೆ ನೋವು ಅಂತ ಹೇಳುತ್ತದಾ?

ಹೆಚ್ಚಾಗಿ ಹೇಳುವುದಿಲ್ಲ. ಮಕ್ಕಳು ಹೊಟ್ಟೆ ನೋವು ಅನ್ನುತ್ತಾರೆ, ವಾಂತಿ ಮಾಡುತ್ತಾರೆ. ಪಂಪು ಸೋತು ಯಕೃತ್ತು ಬಾತುಕೊಂಡಾಗ ಹೊಟ್ಟೆ ನೋಯುತ್ತದೆ. 'ಏನೋ ತಿಂದದ್ದು ಆಗಿಬರಲಿಲ್ಲ' ಅಂತ ಅಂದುಕೊಳ್ಳಬೇಡಿ. ಮುಖ ಬಿಳಿಚುವುದು, ಕೈಕಾಲು ತಣ್ಣಗಾಗುವುದು, ಬೆವರು, ಮಾತು ಬೇಡ ಎಂಬಂತೆ ಬಿದ್ದುಕೊಳ್ಳುವುದು, ಜ್ವರ ಇಲ್ಲದೆಯೂ ನಾಡಿ ಓಡುವುದು ಅಥವಾ ತೀರಾ ನಿಧಾನವಾಗುವುದು, ಎದ್ದು ನಿಂತಾಗ ಕಣ್ಣು ಕತ್ತಲೆ ಬರುವುದು. ಇದರಲ್ಲಿ ಒಂದು ಕಂಡರೂ ಸಿಸ್ಟರನ್ನು ಕೂಗಿ. ಮಧ್ಯರಾತ್ರಿಯಾದರೂ ಕೂಗಿ. ಬೈಸಿಕೊಂಡರೂ ಪರವಾಗಿಲ್ಲ.

ಶೌಚಕ್ಕೂ ಎದ್ದು ಹೋಗಬಾರದು ಅಂತಾರೆ. ಇದು ಅತಿಯಾಯಿತಲ್ವಾ?

ಅತಿಯಲ್ಲ. ಬಾತ ಹೃದಯಕ್ಕೆ ಹತ್ತು ಹೆಜ್ಜೆಯೂ ಹೊರೆ. ಹೃದಯಕ್ಕೆ ತಾಗಿದ್ದರೆ ಎರಡು-ಮೂರು ವಾರ, ಕೆಲವೊಮ್ಮೆ ಇನ್ನೂ ಹೆಚ್ಚು ದಿನ ಹಾಸಿಗೆಯಲ್ಲೇ ಇರಬೇಕಾಗುತ್ತದೆ. ಮಕ್ಕಳನ್ನು ಮಲಗಿಸಿ ಇಡುವುದು ಎಷ್ಟು ಕಷ್ಟ ಅಂತ ನನಗೆ ಗೊತ್ತು. ಮೊಬೈಲ್ ಕೊಡಿ. ಈ ಒಂದು ರೋಗಕ್ಕೆ ಮಾತ್ರ ನಾನೇ ಹೇಳುತ್ತೇನೆ, ಮೊಬೈಲ್ ಕೊಟ್ಟು ಮಲಗಿಸಿ.

ವಿಷ ಶ್ವಾಸಕೋಶವನ್ನೂ ತಿನ್ನುತ್ತದಾ? ಉಸಿರಾಟ ಯಾಕೆ ಕಟ್ಟುತ್ತದೆ?

ಈ ವಿಷ ಹೃದಯವನ್ನು ಕೆಡಿಸುವ ಹಾಗೆ ನೇರವಾಗಿ ಶ್ವಾಸಕೋಶದ ಮೇಲೆ ಬೀಳುವುದು ದೊಡ್ಡ ಸಂಗತಿಯಲ್ಲ. ಆದರೂ ಉಸಿರು ನಿಲ್ಲುತ್ತದೆ. ಅದಕ್ಕೆ ದಾರಿ ಹಲವು. ಯಾವ ದಿನ ಯಾವ ದಾರಿಯಿಂದ ಬರುತ್ತದೆ ಅನ್ನುವುದು ಮುಖ್ಯ.

ಮೊದಲ ದಿನಗಳಲ್ಲಿ ಕಾಟ ಪೊರೆಯದ್ದು. ವಿಷದಿಂದ ಸತ್ತ ಗಂಟಲ ಜೀವಕೋಶ, ರಕ್ತಕಣ, ರೋಗಾಣು ಎಲ್ಲ ಕೂಡಿ ಹೆಪ್ಪುಗಟ್ಟಿ ಆದದ್ದು ಆ ಪೊರೆ. ಅದು ಕೆಳಗೆ ಧ್ವನಿಪೆಟ್ಟಿಗೆಗೆ, ಶ್ವಾಸನಾಳಕ್ಕೆ ಇಳಿದರೆ ಗಾಳಿಯ ದಾರಿ ಮುಚ್ಚುತ್ತದೆ. ಧ್ವನಿ ಗೊಗ್ಗರಾಗುತ್ತದೆ. ಕೆಮ್ಮು ಬೊಗಳಿದಂತೆ ಬರುತ್ತದೆ. ಉಸಿರು ಎಳೆದಾಗ ಕುತ್ತಿಗೆಯ ಬುಡದ ಗುಳಿ ಒಳಕ್ಕೆ ಜಗ್ಗುತ್ತದೆ. ಸಣ್ಣ ಮಕ್ಕಳ ಶ್ವಾಸನಾಳವೇ ಸಣ್ಣದು, ಬೇಗ ಕಟ್ಟುತ್ತದೆ. ಆಗ ಬಾಯಿಂದ ನಳಿಕೆ ಇಳಿಸುತ್ತಾರೆ, ಇಲ್ಲವೆ ಕುತ್ತಿಗೆಯಲ್ಲಿ ಸಣ್ಣ ತೂತು ಮಾಡಿ ನಳಿಕೆ ಹಾಕುತ್ತಾರೆ. ಹೆಸರು ಕೊಟ್ಟ ಅದೇ ಬ್ರೆಟೊನೊ 1825ರಲ್ಲಿ ಹೀಗೆ ತೂತು ಮಾಡಿ ಒಂದು ಮಗುವನ್ನು ಉಳಿಸಿದ್ದ. ಕುತ್ತಿಗೆ ಕೊಯ್ಯುತ್ತಾರೆ ಅಂತ ಹೆದರಿ ಮಗುವನ್ನು ಎತ್ತಿಕೊಂಡು ಹೋಗಬೇಡಿ. ಆ ತೂತು ಆಮೇಲೆ ಮುಚ್ಚಿಕೊಳ್ಳುತ್ತದೆ.

ಎರಡನೇ ವಾರದ ಕಾಟ ಹೃದಯದ್ದು. ಪಂಪು ಸೋತಾಗ ಶ್ವಾಸಕೋಶದಿಂದ ಬಂದ ರಕ್ತವನ್ನು ಮುಂದಕ್ಕೆ ತಳ್ಳಲಾಗದೆ ಹಿಂದಕ್ಕೆ ಒತ್ತಡ ಬೀಳುತ್ತದೆ. ರಕ್ತದ ನೀರು ಗಾಳಿಗೂಡಿನೊಳಗೆ ಜಿನುಗುತ್ತದೆ. ಕಾಲುವೆಯ ಮುಂದಿನ ತೂಬು ಕಟ್ಟಿದರೆ ಹಿಂದಿನ ಹೊಲಕ್ಕೆ ನೀರು ನುಗ್ಗುತ್ತದಲ್ಲ, ಹಾಗೇ. ಮಗು ಮಲಗಲಾರದೆ ಎದ್ದು ಕೂತು ಏದುಸಿರು ಬಿಡುತ್ತದೆ.

ಆಮೇಲಿನದು ನರಗಳ ಕಾಟ. ಅದಕ್ಕೆ ಮುಂದಿನ ಪ್ರಶ್ನೆ ನೋಡಿ.

ಮನೆಗೆ ಬಂದ ಮೇಲೆ ಮಗು ನೀರು ಕುಡಿದರೆ ಮೂಗಿನಿಂದ ಬರುತ್ತಿದೆ. ಮಾತೂ ಮೂಗಿನಲ್ಲಿ ಬರುತ್ತಿದೆ. ಯಾಕೆ?

ಅಂಗುಳಿನ ನರ ಸೋತಿದೆ. ವಿಷ ನರಗಳ ಮೇಲಿನ ಹೊದಿಕೆಯನ್ನು ಕೆಡಿಸುತ್ತದೆ. ವೈರಿನ ಮೇಲಿನ ರಬ್ಬರ್ ಸುಲಿದ ಹಾಗೆ. ಮೊದಲು ಅಂಗುಳು, ಸಾಮಾನ್ಯವಾಗಿ ಎರಡು-ಮೂರನೇ ವಾರದಲ್ಲಿ. ಆಮೇಲೆ ಕಣ್ಣು. ಹತ್ತಿರದ ಅಕ್ಷರ ಮಸುಕು, ಒಂದಕ್ಕೆರಡು ಕಾಣುವುದು. ಒಂದು-ಎರಡು ತಿಂಗಳ ಮೇಲೆ ಕೈಕಾಲು ಸೋಲಬಹುದು, ಜೊತೆಗೆ ವಪೆ ಕೂಡ.

ವಪೆ ಅಂದರೆ ಎದೆಗೂ ಹೊಟ್ಟೆಗೂ ನಡುವೆ ಇರುವ ಸ್ನಾಯುವಿನ ಪರದೆ. ಅದು ಕೆಳಗಿಳಿದಾಗಲೇ ಶ್ವಾಸಕೋಶಕ್ಕೆ ಗಾಳಿ ಬರುವುದು. ಅದು ಸೋತರೆ ಶ್ವಾಸಕೋಶ ಗಟ್ಟಿಮುಟ್ಟಾಗಿದ್ದರೂ ಉಸಿರಿಲ್ಲ. ವೆಂಟಿಲೇಟರ್ ಬೇಕಾಗುತ್ತದೆ. ಅಂಗುಳು ಸೋತಾಗ ಇನ್ನೊಂದು ಅಪಾಯ ಇದೆ. ನೀರು, ಗಂಜಿ ದಾರಿ ತಪ್ಪಿ ಶ್ವಾಸನಾಳಕ್ಕೆ ಹೋಗಿ ನ್ಯುಮೋನಿಯಾ ಆಗುತ್ತದೆ. ಹೀಗಿರುವ ಮಗುವಿಗೆ ಮಲಗಿಸಿ ನೀರು ಕುಡಿಸಬೇಡಿ. ಅವತ್ತೇ ವಾಪಸ್ ಕರೆದುಕೊಂಡು ಬನ್ನಿ. ಕೆಲವರಿಗೆ ಮೂಗಿನ ನಳಿಕೆಯಿಂದ ಕೆಲವು ವಾರ ಊಟ ಕೊಡಬೇಕಾಗುತ್ತದೆ.

ಸಮಾಧಾನದ ಮಾತೂ ಇದೆ. ಈ ನರಗಳ ಸೋಲು ಬಹುತೇಕ ಪೂರ್ತಿ ವಾಸಿಯಾಗುತ್ತದೆ. ಹೊದಿಕೆ ಮತ್ತೆ ಬೆಳೆಯುತ್ತದೆ. ತಾಳ್ಮೆ ಬೇಕು, ಅಷ್ಟೆ.

ಆಂಟಿಟಾಕ್ಸಿನ್ ಅಂದರೆ ಏನು? ಕುದುರೆ ರಕ್ತದಿಂದ ಮಾಡುತ್ತಾರಂತೆ, ನಿಜವಾ?

ನಿಜ. ಕೆಡಕು ತೆಗೆದ ವಿಷವನ್ನು ಕುದುರೆಗೆ ಸ್ವಲ್ಪ ಸ್ವಲ್ಪವಾಗಿ ಚುಚ್ಚಿದರೆ ಅದರ ರಕ್ತದಲ್ಲಿ ಈ ವಿಷಕ್ಕೆ ಪ್ರತಿವಿಷ ತಯಾರಾಗುತ್ತದೆ. ಅದನ್ನು ಶುದ್ಧ ಮಾಡಿ ಕೊಡುತ್ತಾರೆ. ಹಾವಿನ ಕಡಿತಕ್ಕೆ ಕೊಡುವ ಮದ್ದೂ ಕುದುರೆಯಿಂದಲೇ ಬರುವುದು. ಅದಕ್ಕೆ ಯಾರೂ ತಕರಾರು ಮಾಡುವುದಿಲ್ಲ. ಈ ವಿದ್ಯೆ 1890ರ ಹೊತ್ತಿನದು. ಬೆರಿಂಗ್ ಮತ್ತು ಕಿಟಸಾಟೊ ಇದಕ್ಕೆ ದಾರಿ ತೋರಿದರು. 1901ರಲ್ಲಿ ವೈದ್ಯಕೀಯದ ಮೊಟ್ಟಮೊದಲ ನೊಬೆಲ್ ಬೆರಿಂಗ್‌ಗೆ ಸಿಕ್ಕಿದ್ದು ಈ ಕೆಲಸಕ್ಕೇ.

ಒಂದು ಮಾತು ಸರಿಯಾಗಿ ತಿಳಿದುಕೊಳ್ಳಿ. ಆಂಟಿಟಾಕ್ಸಿನ್ ಹಿಡಿಯುವುದು ರಕ್ತದಲ್ಲಿ ಇನ್ನೂ ಓಡಾಡುತ್ತಿರುವ ವಿಷವನ್ನು ಮಾತ್ರ. ಜೀವಕೋಶದ ಬಾಗಿಲು ದಾಟಿ ಒಳಗೆ ಹೋದದ್ದನ್ನು ಅದು ಮುಟ್ಟಲಾರದು. ಅದಕ್ಕೇ ಲ್ಯಾಬ್ ರಿಪೋರ್ಟ್ ಬರುವವರೆಗೆ ಕಾಯುವುದಿಲ್ಲ. ಪೊರೆ ನೋಡಿ ಅನುಮಾನ ಬಂದರೆ ಸ್ವಾಬ್ ತೆಗೆದುಕೊಂಡು ಮದ್ದು ಶುರು ಮಾಡುತ್ತಾರೆ. ಒಂದೊಂದು ದಿನ ತಡವಾದಂತೆ ಸಾವಿನ ಅಪಾಯ ಏರುತ್ತದೆ.

ಡೋಸ್ ಬಗ್ಗೆಯೂ ಕೇಳುತ್ತಾರೆ. "ಇಷ್ಟ ಸಣ್ಣ ಕೂಸಿಗೆ ಅಷ್ಟ್ಯಾಕ್ರೀ?" ಇದು ತೂಕ ನೋಡಿ ಕೊಡುವ ಮದ್ದಲ್ಲ. ವಿಷ ಎಷ್ಟಿರಬಹುದು ಅಂತ ಅಂದಾಜು ಹಾಕಿ ಕೊಡುವುದು. ಪೊರೆ ಎಷ್ಟು ಹಬ್ಬಿದೆ, ಎಷ್ಟು ದಿನವಾಯಿತು ನೋಡಿ ಸಾಮಾನ್ಯವಾಗಿ 20,000ದಿಂದ 1,00,000 ಯೂನಿಟ್‌ವರೆಗೆ. ಮಗುವಿಗೂ ದೊಡ್ಡವರಿಗೂ ಅದೇ ಲೆಕ್ಕ.

ಕುದುರೆಯ ಪ್ರೋಟೀನ್ ಕೆಲವರಿಗೆ ಒಗ್ಗುವುದಿಲ್ಲ. ಅದಕ್ಕೆ ಮೊದಲು ಚೂರು ಕೊಟ್ಟು ನೋಡುತ್ತಾರೆ, ಒಗ್ಗದೆ ಹೋದರೆ ತಕ್ಷಣ ಕೊಡಲು ಪಕ್ಕದಲ್ಲೇ ಅಡ್ರಿನಾಲಿನ್ ಸೂಜಿ ತುಂಬಿ ಇಟ್ಟುಕೊಂಡಿರುತ್ತಾರೆ. ವಾರ ಹತ್ತು ದಿನದ ಮೇಲೆ ಜ್ವರ, ಮೈಯೆಲ್ಲ ದದ್ದು, ಕೀಲು ನೋವು ಬರಬಹುದು. ಅದು ಇಳಿಯುತ್ತದೆ.

ಪೆನ್ಸಿಲಿನ್ ಕೊಟ್ಟರೆ ಸಾಕಾಗಲ್ವಾ?

ಸಾಲದು. ಪೆನ್ಸಿಲಿನ್ ಅಥವಾ ಎರಿತ್ರೋಮೈಸಿನ್ ರೋಗಾಣುವನ್ನು ಕೊಲ್ಲುತ್ತದೆ, ಕಾರ್ಖಾನೆ ಮುಚ್ಚುತ್ತದೆ. ಈಗಾಗಲೇ ಲಾರಿ ಹತ್ತಿ ಹೊರಟ ವಿಷಕ್ಕೆ ಅದು ಏನೂ ಮಾಡದು. ಎರಡೂ ಬೇಕು. ಆಂಟಿಬಯಾಟಿಕ್ 14 ದಿನ ಪೂರ್ತಿ ಆಗಬೇಕು.

ಆ ಪೊರೆಯನ್ನು ಬಟ್ಟೆಯಿಂದ ಒರೆಸಿ ತೆಗೆಯಬಹುದಾ? ಸುಣ್ಣ, ಅರಿಶಿನ ಹಚ್ಚಬಹುದಾ?

ಬೇಡ. ಪೊರೆ ಒಳಗಿನ ಮಾಂಸಕ್ಕೆ ಕಚ್ಚಿಕೊಂಡಿರುತ್ತದೆ. ಕಿತ್ತರೆ ರಕ್ತ ಬರುತ್ತದೆ. ತುಂಡು ಹರಿದು ಕೆಳಗೆ ಸಿಕ್ಕಿಕೊಂಡರೆ ಉಸಿರೇ ನಿಲ್ಲುತ್ತದೆ.

ಹೃದಯ ಮತ್ತೆ ಮೊದಲಿನ ಹಾಗೆ ಆಗುತ್ತದಾ? ಮುಂದೆ ಓಡಾಡಬಹುದಾ, ಮದುವೆ ಗಿದುವೆ?

ಹುಡುಗಿಯರ ತಾಯಂದಿರು ಇದನ್ನು ಮೆಲ್ಲಗೆ ಕೇಳುತ್ತಾರೆ. ಬದುಕಿ ಉಳಿದ ಬಹಳಷ್ಟು ಮಕ್ಕಳ ಹೃದಯ ಸುಧಾರಿಸುತ್ತದೆ. ಕೆಲವರಿಗೆ ಕರೆಂಟಿನ ದಾರಿಯ ದೋಷ ಉಳಿಯಬಹುದು. ಅಂಥವರಿಗೆ ಕಾಯಂ ಪೇಸ್‌ಮೇಕರ್ ಬೇಕಾಗಬಹುದು. ಮನೆಗೆ ಹೋದ ಮೇಲೂ ಹೇಳಿದ ದಿನ ಬಂದು ಇಸಿಜಿ, ಬೇಕಾದರೆ ಎಕೋ (ಹೃದಯದ ಸ್ಕ್ಯಾನ್) ಮಾಡಿಸಿ. ಡಾಕ್ಟರ್ ಸರಿ ಅನ್ನುವವರೆಗೆ ಓಟ, ಕಬಡ್ಡಿ, ಶಾಲೆಯ ಡ್ರಿಲ್ ಬೇಡ. ಇಷ್ಟಾದರೆ ಓದು, ಮದುವೆ, ಮಕ್ಕಳು ಯಾವುದಕ್ಕೂ ಈ ರೋಗದ ಹೆಸರಿನಲ್ಲಿ ಅಡ್ಡಿ ಹಾಕಬೇಡಿ.

ಒಂದು ಸಲ ಬಂದು ಹೋದರೆ ಮತ್ತೆ ಬರಲ್ಲ ಅಲ್ವಾ?

ಬರಬಹುದು. ರೋಗ ತರುವ ವಿಷ ಎಷ್ಟು ಕಡಿಮೆಯೆಂದರೆ, ಎಷ್ಟೋ ಸಲ ದೇಹ ಅದನ್ನು ಗುರುತಿಟ್ಟುಕೊಳ್ಳುವುದಿಲ್ಲ. ಅದಕ್ಕೆ ಚೇತರಿಸಿಕೊಂಡ ಮಗುವಿಗೂ ಲಸಿಕೆ ಹಾಕುತ್ತಾರೆ.

ಮನೆಯಲ್ಲಿ ಉಳಿದವರು ಏನು ಮಾಡಬೇಕು?

ಒಂದೇ ಮನೆಯವರು, ಒಂದೇ ಬೆಂಚಿನ ಮಕ್ಕಳು, ಆಸ್ಪತ್ರೆಗೆ ಎತ್ತಿಕೊಂಡು ಬಂದ ಕಾಕಾ, ಎಲ್ಲರಿಗೂ ಗಂಟಲ ಸ್ವಾಬ್ ತೆಗೆಯುತ್ತಾರೆ. ಆಂಟಿಬಯಾಟಿಕ್ ಕೊಡುತ್ತಾರೆ. ಒಂದು ವಾರ ದಿನಾ ಗಂಟಲು ನೋಡಬೇಕು. ಲಸಿಕೆ ಬಾಕಿ ಇದ್ದರೆ ಅದನ್ನೂ ಹಾಕಿಸಿಕೊಳ್ಳಬೇಕು. ತಮಗೇನೂ ಆಗದೆ ರೋಗಾಣು ಹೊತ್ತು ತಿರುಗುವವರು ಇರುತ್ತಾರೆ. 'ನನಗೇನಾಗೇದ' ಅಂತ ಮಾತ್ರೆ ಬಿಟ್ಟವರೇ ಮುಂದಿನ ಮನೆಗೆ ಹಚ್ಚುವವರು.

ಲಸಿಕೆಯಲ್ಲೂ ಅದೇ ವಿಷ ಇರುತ್ತದಂತೆ?

ಹಲ್ಲು ಕಿತ್ತ ಹಾವು ಅನ್ನಿ. 1923ರಲ್ಲಿ ಫ್ರಾನ್ಸಿನ ರಾಮೊನ್ ಈ ವಿಷಕ್ಕೆ ಫಾರ್ಮಾಲಿನ್ ಬೆರೆಸಿ, ಬೆಚ್ಚಗೆ ಇಟ್ಟು, ಕೆಡಕು ತೆಗೆದ. ರೂಪ ಉಳಿಯಿತು, ಕೊಲ್ಲುವ ಗುಣ ಹೋಯಿತು. ಇದಕ್ಕೆ ಟಾಕ್ಸಾಯ್ಡ್ ಅನ್ನುತ್ತಾರೆ. ದೇಹ ಆ ರೂಪ ನೋಡಿ ಪ್ರತಿವಿಷ ತಯಾರಿಸಿಕೊಂಡು ಇಟ್ಟುಕೊಳ್ಳುತ್ತದೆ. ಮುಂದೆ ನಿಜವಾದ ವಿಷ ಬಂದರೆ ರಕ್ತದಲ್ಲೇ ಹಿಡಿದು ಹಾಕುತ್ತದೆ, ಎದೆಯವರೆಗೆ ಬಿಡುವುದಿಲ್ಲ. ಲಸಿಕೆ ತಡೆಯುವುದು ವಿಷವನ್ನು, ರೋಗಾಣುವನ್ನಲ್ಲ. ಹಾಗಾಗಿ ಲಸಿಕೆ ಆದವರ ಗಂಟಲಲ್ಲೂ ರೋಗಾಣು ಇರಬಹುದು, ಆದರೆ ರೋಗ ಬಂದರೂ ಸೌಮ್ಯವಾಗಿ ಹೋಗುತ್ತದೆ.

ನಮ್ಮ ಕಡೆ ಇನ್ನೂ ಯಾಕೆ ಬರುತ್ತದೆ? ಹಳೇ ಕಾಲದ ರೋಗ ಅಲ್ವಾ?

ಜಗತ್ತಿನಲ್ಲಿ ವರದಿಯಾಗುವ ಗಂಟಲಮಾರಿಯಲ್ಲಿ ದೊಡ್ಡ ಪಾಲು ಎಷ್ಟೋ ವರ್ಷ ಭಾರತದ್ದೇ. ಮೊದಲೆಲ್ಲ ಐದು ವರ್ಷದೊಳಗಿನ ಕೂಸುಗಳಿಗೆ ಬರುತ್ತಿತ್ತು. ಈಗ ಶಾಲೆಗೆ ಹೋಗುವ ಮಕ್ಕಳಲ್ಲಿ ಜಾಸ್ತಿ. ಕಾರಣ ಊಹಿಸುವುದು ಕಷ್ಟವಲ್ಲ. ಮೊದಲ ಮೂರು ಸೂಜಿ ಆಶಾ ಅಕ್ಕ ಬೆನ್ನು ಹತ್ತಿ ಹಾಕಿಸುತ್ತಾಳೆ. ಆಮೇಲಿನ ಬೂಸ್ಟರ್ ಯಾರಿಗೂ ನೆನಪಿರುವುದಿಲ್ಲ. ಲಸಿಕೆಯ ಬಲ ವರ್ಷ ಹೋದಂತೆ ಇಳಿಯುತ್ತದೆ.

ಗುಳೆಯದು ಇನ್ನೊಂದು ಕಥೆ. ಮುಂಬೈ, ಪುಣೆ, ಹೈದರಾಬಾದ್, ಬೆಂಗಳೂರು. ಕೂಸು ಹುಟ್ಟುವುದು ತವರಿನಲ್ಲಿ, ಬೆಳೆಯುವುದು ಕಟ್ಟಡದ ಕೆಲಸದ ಶೆಡ್ಡಿನಲ್ಲಿ. ಲಸಿಕೆಯ ಲೆಕ್ಕ ಬರೆದ ತಾಯಿ ಕಾರ್ಡ್ ಊರಲ್ಲಿ ಟ್ರಂಕಿನೊಳಗೆ. ನನ್ನ ಕೇಳಿದರೆ ಆ ಕಾರ್ಡನ್ನು ಆಧಾರ್ ಜೊತೆಗೇ ಕಟ್ಟಿಕೊಂಡು ಹೋಗಬೇಕು. ಲಸಿಕೆ ಯಾವ ಊರಿನ ಸರ್ಕಾರಿ ಆಸ್ಪತ್ರೆಯಲ್ಲಾದರೂ ಪುಕ್ಕಟೆ ಹಾಕುತ್ತಾರೆ. ಕಾರ್ಡ್ ಕಳೆದಿದ್ದರೂ ಹೋಗಿ ಕೇಳಿ.

ಯಾವ ವಯಸ್ಸಿಗೆ ಯಾವ ಸೂಜಿ?

6, 10, 14ನೇ ವಾರಕ್ಕೆ ಪೆಂಟಾವೇಲೆಂಟ್, ಅಂದರೆ ಗಂಟಲಮಾರಿಯೂ ಸೇರಿ ಐದು ರೋಗಕ್ಕೆ ಒಂದೇ ಸೂಜಿ. 16ರಿಂದ 24 ತಿಂಗಳೊಳಗೆ ಡಿಪಿಟಿ (ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು) ಬೂಸ್ಟರ್. 5ರಿಂದ 6 ವರ್ಷಕ್ಕೆ ಇನ್ನೊಂದು ಡಿಪಿಟಿ. 10 ಮತ್ತು 16 ವರ್ಷಕ್ಕೆ ಟಿಡಿ. ಬಸುರಿಯರಿಗೂ ಟಿಡಿ. ತಪ್ಪಿದ್ದರೆ ಮೊದಲಿನಿಂದ ಶುರು ಮಾಡಬೇಕಾಗಿಲ್ಲ, ಬಿಟ್ಟಲ್ಲಿಂದ ಮುಂದುವರಿಸುತ್ತಾರೆ. 7 ವರ್ಷ ದಾಟಿದ್ದರೆ ಡಿಪಿಟಿ ಬದಲು ಟಿಡಿ.

ಗಾಯವಾದಾಗ ಹಾಕಿಸುವ 'ಟಿಟಿ ಸೂಜಿ' ಗೊತ್ತಲ್ಲ? ಈಗ ಅದರ ಜಾಗಕ್ಕೆ ಟಿಡಿ ಬಂದಿದೆ. ಟಿ ಧನುರ್ವಾಯುವಿಗೆ, ಡಿ ಗಂಟಲಮಾರಿಗೆ.

ಆಸ್ಪತ್ರೆಗೆ ಹೋದಾಗ ಏನು ಹೇಳಬೇಕು? ಎಲ್ಲಿಗೆ ಹೋಗಬೇಕು?

ಆಂಟಿಟಾಕ್ಸಿನ್ ಎಲ್ಲ ಕಡೆ ಇಟ್ಟಿರುವುದಿಲ್ಲ. ಊರಿನ ಕ್ಲಿನಿಕ್ಕಿನಲ್ಲಿ ಮೂರು ದಿನ ಸೂಜಿ, ಸಲೈನ್ ಅಂತ ಕಳೆಯಬೇಡಿ. ಕಲಬುರಗಿ, ಬೀದರ್, ಯಾದಗಿರಿ ಮೂರೂ ಜಿಲ್ಲೆಗಳಲ್ಲಿ ಈಗ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಇದೆ. ಹೃದಯಕ್ಕೆ ಕಲಬುರಗಿಯಲ್ಲಿ ಜಯದೇವ ಸಂಸ್ಥೆಯ ಆಸ್ಪತ್ರೆ ಇದೆ. ಹೊರಡುವ ಮೊದಲು ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಂದ ಫೋನ್ ಮಾಡಿಸಿ, ಮದ್ದು ಎಲ್ಲಿದೆ ಅಂತ ಕೇಳಿಕೊಳ್ಳಿ. ಸುರಪುರದ ಕಡೆಯಿಂದ ಕಲಬುರಗಿಗೆ ಬರುವುದಕ್ಕೇ ಎರಡು ತಾಸಿಗೂ ಹೆಚ್ಚು ಬೇಕು. ದಾರಿ ತಪ್ಪಿ ಇನ್ನೊಂದು ಊರಿಗೆ ಓಡಿದರೆ ಅರ್ಧ ದಿನ ಹೋಗುತ್ತದೆ.

ಒಳಗೆ ಹೋದ ಕೂಡಲೇ ನಾಲ್ಕು ಮಾತು ಹೇಳಿ. ಗಂಟಲಲ್ಲಿ ಪೊರೆ ಕಂಡಿದ್ದೇವೆ. ನೋವು ಶುರುವಾಗಿ ಇಷ್ಟು ದಿನ. ಕೊನೆಯ ಲಸಿಕೆ ಹಾಕಿಸಿದ್ದು ಇಂಥ ವಯಸ್ಸಿಗೆ. ಮನೆಯಲ್ಲಿ, ಶಾಲೆಯಲ್ಲಿ ಇನ್ನೂ ಯಾರಿಗಾದರೂ ಹೀಗಾಗಿದೆಯೋ ಇಲ್ಲವೋ. ದಿನದ ಲೆಕ್ಕ ಸರಿಯಾಗಿ ಹೇಳಿ. ಬೈತಾರೆ ಅಂತ ಐದು ದಿನವನ್ನು ಎರಡು ದಿನ ಅನ್ನಬೇಡಿ, ಆ ಲೆಕ್ಕದ ಮೇಲೆಯೇ ಡೋಸ್ ನಿಂತಿದೆ.